ಡ್ಯೂಟಿ ಸೈಕಲ್: 60 ಪರ್ಸೆಂಟ್ ಅಂದರೆ ಯಾವುದರ 60?

ಕರೆಂಟಿನ ಆರ್ಕ್ ಮತ್ತು ಒತ್ತಡದ ಗಾಳಿಯಿಂದ ಲೋಹ ಕತ್ತರಿಸುವ ಪ್ಲಾಸ್ಮಾ ಕಟರ್ ಕೊಳ್ಳಲು ಹೊರಟವರಿಗೆ ಅಂಗಡಿ ಕೌಂಟರಿನಲ್ಲೂ ಮಾರಾಟದ ವಿಡಿಯೊಗಳಲ್ಲೂ ಒಂದೇ ಪಾಠ ಕೇಳಿಸುತ್ತದೆ: ‘ಸಾರ್, ಇದು 60 ಪರ್ಸೆಂಟ್ ಡ್ಯೂಟಿ ಸೈಕಲ್, ಅದು ಬರೀ 35. ಇದೇ ಪವರ್‌ಫುಲ್.’ ಇನ್ನೊಬ್ಬರು ಅದನ್ನು ಎಫಿಷಿಯೆನ್ಸಿ ಎಂದುಕೊಂಡು, ಉಳಿದ 40 ಪರ್ಸೆಂಟ್ ಕರೆಂಟು ದಂಡವಾಗುತ್ತದೆ ಎಂದು ಕೊರಗುತ್ತಾರೆ. ಮತ್ತೊಬ್ಬರ ಲೆಕ್ಕದಲ್ಲಿ ದಿನಕ್ಕೆ ಎಂಟು ಗಂಟೆ ಕೆಲಸವಾದರೆ ಮೆಷಿನ್ ಐದು ಗಂಟೆ ಓಡುತ್ತದೆ, ಮೂರು ಗಂಟೆ ಮಲಗುತ್ತದೆ. ಮೂರೂ ತಪ್ಪು. ತಪ್ಪು ಮಾತಿನಲ್ಲೇ ಮುಗಿದರೆ ಪರವಾಗಿಲ್ಲ, ಇದನ್ನು ನಂಬಿ ಮನೆ ಶೆಡ್ಡಿಗೆ ಬೇಡದ ಮೆಷಿನ್ನಿಗೆ ದುಡ್ಡು ಸುರಿಯುವವರಿದ್ದಾರೆ.

ಡ್ಯೂಟಿ ಸೈಕಲ್ ಹೇಳುವುದು ಬಿಸಿಯ ಲೆಕ್ಕವನ್ನು. ಹತ್ತು ನಿಮಿಷದ ಒಂದು ಅವಧಿ ಇಟ್ಟುಕೊಳ್ಳಿ. ಅದರಲ್ಲಿ ಇಂತಿಷ್ಟು ಆಂಪ್ಸ್‌ನಲ್ಲಿ, ಸುತ್ತಲಿನ ಗಾಳಿ ಇಂತಿಷ್ಟು ಡಿಗ್ರಿ ಇರುವಾಗ, ಎಷ್ಟು ನಿಮಿಷ ಆರ್ಕ್ ಉರಿದರೆ ಒಳಗಿನ ಟ್ರಾನ್ಸಿಸ್ಟರು, ಟ್ರಾನ್ಸ್‌ಫಾರ್ಮರುಗಳು ಬಿಸಿಯ ಮಿತಿಯೊಳಗೆ ಉಳಿಯುತ್ತವೆ? ಆರು ನಿಮಿಷವಾದರೆ 60 ಪರ್ಸೆಂಟ್, ಮೂರೂವರೆಯಾದರೆ 35. ಆರ್ಕ್ ಉರಿಯುವ ಹೊತ್ತು ಮಾತ್ರ ಲೆಕ್ಕಕ್ಕೆ ಬರುತ್ತದೆ. ಪ್ಲೇಟ್ ತಿರುಗಿಸುವುದು, ಚಾಕ್‌ಪೀಸಿನಲ್ಲಿ ಗೆರೆ ಎಳೆಯುವುದು, ಕ್ಲಾಂಪ್ ಬಿಗಿಯುವುದು, ಮಧ್ಯೆ ಬಂದ ಫೋನಿಗೆ ಉತ್ತರ ಕೊಡುವುದು, ಇವೆಲ್ಲ ಮೆಷಿನ್ನಿಗೆ ವಿಶ್ರಾಂತಿಯೇ.

ಹಾಗಾದರೆ ‘ಡ್ಯೂಟಿ’ ಎಂಬ ಪದ ಇಲ್ಲಿಗೆ ಹೇಗೆ ಬಂತು? ನಮಗೆ ಡ್ಯೂಟಿ ಅಂದರೆ ನೈಟ್ ಡ್ಯೂಟಿ, ಎಲೆಕ್ಷನ್ ಡ್ಯೂಟಿ, ಕಸ್ಟಮ್ಸ್ ಡ್ಯೂಟಿ, ಹೆವಿ ಡ್ಯೂಟಿ ಬೀಗ. ಮೂಲ ಲ್ಯಾಟಿನ್ನಿನ ‘ದೆಬೇರೆ’, ಅಂದರೆ ಬಾಕಿ ಇರುವುದು, ಕೊಡಬೇಕಾಗಿರುವುದು. ಕರೆಂಟ್ ಬಿಲ್ಲಿನ ‘ಡ್ಯೂ ಡೇಟ್’, ಬ್ಯಾಂಕಿನ ‘ಡೆಬಿಟ್’ ಎರಡೂ ಇದೇ ಮನೆತನದವು. ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದ ಈ ಪದಕ್ಕೆ 18ನೇ ಶತಮಾನದಲ್ಲಿ ಯಂತ್ರಗಳ ಸಹವಾಸವಾಯಿತು. ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತ್ಯದ ತವರ, ತಾಮ್ರದ ಗಣಿಗಳಿಂದ ನೀರೆತ್ತುತ್ತಿದ್ದ ಉಗಿಯಂತ್ರಗಳಿಗೆ ಅಲ್ಲಿನವರು ಕಟ್ಟಿದ ಅಳತೆಯ ಹೆಸರೇ ‘ಡ್ಯೂಟಿ’. ಒಂದು ಬುಷೆಲ್ (ಅಲ್ಲಿನ ಹಳೆಯ ಅಳತೆ) ಕಲ್ಲಿದ್ದಲು ಉರಿಸಿ ಎಷ್ಟು ಪೌಂಡ್ ನೀರನ್ನು ಒಂದು ಅಡಿ ಮೇಲೆತ್ತಿತು ಎಂಬುದು ಆ ಯಂತ್ರದ ಡ್ಯೂಟಿ. ಜೇಮ್ಸ್ ವ್ಯಾಟ್ ತನ್ನ ಯಂತ್ರ ಹಳೆಯ ನ್ಯೂಕಮನ್ ಯಂತ್ರಕ್ಕಿಂತ ಮೇಲು ಎಂದು ತೋರಿಸಿದ್ದೂ ಈ ಲೆಕ್ಕದಲ್ಲೇ. 1811ರಿಂದ ಕಾರ್ನ್‌ವಾಲಿನಲ್ಲಿ ಯಾವ ಗಣಿಯ ಯಂತ್ರದ ಡ್ಯೂಟಿ ಎಷ್ಟು ಎಂದು ತಿಂಗಳು ತಿಂಗಳು ಅಚ್ಚು ಹಾಕಿಸಿ ಹಂಚುತ್ತಿದ್ದರು. ಒಳ್ಳೆಯ ಅಂಕಿ ಬಂದ ಎಂಜಿನಿಯರನಿಗೆ ಊರಲ್ಲೆಲ್ಲ ಹೆಸರು.

ಗಮನಿಸಿ, ಅದು ಅಪ್ಪಟ ಎಫಿಷಿಯೆನ್ಸಿ. ಡ್ಯೂಟಿ ಅಂದರೆ ಎಫಿಷಿಯೆನ್ಸಿ ಎನ್ನುವವರು ಹುಟ್ಟಿದ್ದು ಇನ್ನೂರು ವರ್ಷ ತಡವಾಯಿತು, ಅಷ್ಟೇ.

ಮೋಟರುಗಳ ಕಾಲ ಬರುವಷ್ಟರಲ್ಲಿ ಅರ್ಥ ಜಾರಿ, ಯಂತ್ರದ ಮೇಲೆ ಹೊರಿಸುವ ಕೆಲಸದ ಬಗೆ ಡ್ಯೂಟಿ ಎನಿಸಿತು. ನಿಲ್ಲದೆ ಓಡುವ ಕೆಲಸವೇ, ಓಡಿ ನಿಂತು ಓಡುವ ಕೆಲಸವೇ? ಮೋಟರಿನ ಪ್ಲೇಟ್ ಮೇಲೆ ಕಾಣುವ ‘ಎಸ್1’, ‘ಎಸ್3’ ಇದೇ ವಿಂಗಡಣೆ. ಎಸ್1 ನಿರಂತರ, ಎಸ್3 ಬಿಟ್ಟು ಬಿಟ್ಟು. ‘ಸೈಕಲ್’ ಗ್ರೀಕಿನ ‘ಕ್ಯೂಕ್ಲೊಸ್’ನಿಂದ ಬಂದದ್ದು, ಸಂಸ್ಕೃತದ ‘ಚಕ್ರ’ಕ್ಕೆ ದಾಯಾದಿ. ಹಾಗೆಂದು ‘ಕರ್ತವ್ಯ ಚಕ್ರ’ ಎಂದು ಕನ್ನಡಿಸಿದರೆ ವೆಲ್ಡಿಂಗ್ ಶಾಪಿನವರು ಯಾವುದೋ ವ್ರತ ಎಂದುಕೊಂಡಾರು. ಡ್ಯೂಟಿ ಸೈಕಲ್ಲೇ ಇರಲಿ, ಅರ್ಥ ಸರಿ ಇದ್ದರೆ ಸಾಕು.

ಈಗ ಮೆಷಿನ್ನಿನ ಹಿಂದೆ ಅಂಟಿಸಿರುವ ರೇಟಿಂಗ್ ಪ್ಲೇಟ್ ನೋಡಿ. ಡಬ್ಬದ ಮೇಲಿನ ದಪ್ಪ ಅಕ್ಷರವಲ್ಲ, ಹಿಂದಿನ ಸಣ್ಣ ಅಕ್ಷರ. ಐಇಸಿ 60974-1 ಎಂಬ ಮಾನದಂಡವನ್ನು ಪಾಲಿಸಿದವರು ಅಲ್ಲೊಂದು ಪುಟ್ಟ ಕೋಷ್ಟಕ ಹಾಕಿರುತ್ತಾರೆ. ಮೇಲಿನ ಸಾಲಿನಲ್ಲಿ ‘ಎಕ್ಸ್’ ಅಕ್ಷರ, ಅದರ ಮುಂದೆ ಎರಡೋ ಮೂರೋ ಪರ್ಸೆಂಟ್. ಕೆಳಗೆ ‘ಐ2’, ಒಂದೊಂದು ಪರ್ಸೆಂಟಿಗೂ ಅದರದೇ ಆಂಪ್ಸ್. ಅದರ ಕೆಳಗೆ ‘ಯು2’, ವೋಲ್ಟ್. ಡ್ಯೂಟಿ ಸೈಕಲ್ ಒಂದೇ ಅಂಕಿಯಾಗಿದ್ದರೆ ಕೋಷ್ಟಕ ಯಾಕೆ ಬೇಕಿತ್ತು?

ಬೆಲೆಯಲ್ಲಿ ನಮ್ಮ ಶೆಡ್ಡಿಗೆ ಎಟುಕದಿದ್ದರೂ, ಹೈಪರ್‌ಥರ್ಮ್ ಕಂಪನಿಯ ಪವರ್‌ಮ್ಯಾಕ್ಸ್ 45 ಎಕ್ಸ್‌ಪಿ ಇದಕ್ಕೆ ಒಳ್ಳೆಯ ಉದಾಹರಣೆ. 230 ವೋಲ್ಟ್ ಲೈನಿನಲ್ಲಿ ಅದರ ರೇಟಿಂಗ್ ಹೀಗಿದೆ: 45 ಆಂಪ್ಸ್‌ಗೆ 50 ಪರ್ಸೆಂಟ್, 41ಕ್ಕೆ 60, 32ಕ್ಕೆ 100. ಮೆಷಿನ್ ಒಂದೇ, ಪರ್ಸೆಂಟ್ ಮೂರು. ಈ ಮೂರರ ನಡುವೆ ಒಂದು ಸರಳ ಗಣಿತವಿದೆ. ಬಿಸಿ ಹೆಚ್ಚುಕಡಿಮೆ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. 45ರ ವರ್ಗದ ಅರ್ಧ ತೆಗೆಯಿರಿ, 1012. 41ರ ವರ್ಗದ ನೂರಕ್ಕೆ ಅರವತ್ತು, 1008. 32ರ ವರ್ಗ, 1024. ಮೂರೂ ಒಂದೇ ಕಡೆ ಬಂದು ನಿಲ್ಲುತ್ತವೆ. ಯಾವ ಬ್ರಾಂಡಿನ ಪ್ಲೇಟ್ ಸಿಕ್ಕರೂ ಮೊಬೈಲಿನ ಕ್ಯಾಲ್ಕುಲೇಟರಿನಲ್ಲಿ ಹೀಗೆ ಒತ್ತಿ ನೋಡಿ. ಒಂದಕ್ಕೊಂದು ತಾಳೆಯೇ ಆಗದಿದ್ದರೆ ಆ ಪ್ಲೇಟನ್ನು ನಾನಂತೂ ನಂಬುವುದಿಲ್ಲ.

ಅಗ್ಗದ ಮೆಷಿನ್ನಿನ ‘60 ಪರ್ಸೆಂಟ್’ ಆಟ ಗೊತ್ತಾಗುವುದೂ ಇಲ್ಲೇ. 40 ಆಂಪ್ಸ್ ಮೆಷಿನ್, 60 ಪರ್ಸೆಂಟ್ ಡ್ಯೂಟಿ ಸೈಕಲ್ ಎಂದು ಡಬ್ಬದ ಮೇಲಿರುತ್ತದೆ. ಎರಡೂ ಸುಳ್ಳಲ್ಲ, ಜೊತೆಗಿಟ್ಟದ್ದು ಸುಳ್ಳು. 60 ಪರ್ಸೆಂಟ್ 31 ಆಂಪ್ಸ್‌ನದ್ದಾಗಿದ್ದರೆ ಅದೇ ವರ್ಗದ ಲೆಕ್ಕದಲ್ಲಿ 40 ಆಂಪ್ಸ್‌ಗೆ ಉಳಿಯುವುದು 36 ಪರ್ಸೆಂಟ್. ಆಗ ಪಕ್ಕದ ಕಪಾಟಿನ ‘ಬರೀ 35’ ಮೆಷಿನ್ನಿಗೂ ಇದಕ್ಕೂ ಏನು ವ್ಯತ್ಯಾಸ?

ಇನ್ನು ಡಿಗ್ರಿ. ಮಾನದಂಡದ ಪ್ರಕಾರ ರೇಟಿಂಗ್ ಕೊಡಬೇಕಾದ್ದು 40 ಡಿಗ್ರಿ ಸೆಲ್ಸಿಯಸ್ ಗಾಳಿಗೆ. ಕೆಲವರು 20ಕ್ಕೋ 25ಕ್ಕೋ ಪರೀಕ್ಷಿಸಿದ ಅಂಕಿ ಹಾಕಿ, ಡಿಗ್ರಿಯ ಮಾತೇ ಎತ್ತುವುದಿಲ್ಲ. ಮಡಿಕೇರಿಯವರಿಗೆ ಅದು ನಡೆದೀತು. ರಾಯಚೂರು, ಕಲಬುರಗಿಯಲ್ಲಿ ಏಪ್ರಿಲ್ ಮಧ್ಯಾಹ್ನ ಹೊರಗೇ 40 ದಾಟಿರುತ್ತದೆ, ತಗಡಿನ ಶೀಟ್ ಹೊದಿಸಿದ ಶೆಡ್ಡಿನೊಳಗೆ ಕೇಳುವುದೇ ಬೇಡ. ಸಂಜೆ ವೋಲ್ಟೇಜು ಬಿದ್ದಿತೆಂದರೆ ಮೆಷಿನ್ನಿನೊಳಗಿನ ಇನ್ವರ್ಟರ್ ಅಷ್ಟೇ ಕೆಲಸಕ್ಕೆ ಲೈನಿನಿಂದ ಹೆಚ್ಚು ಕರೆಂಟ್ ಎಳೆದು ಇನ್ನಷ್ಟು ಬಿಸಿಯಾಗುತ್ತದೆ. ಪಕ್ಕದಲ್ಲೇ ಗ್ರೈಂಡರ್ ಓಡಿಸುವ ಅಭ್ಯಾಸವಿದ್ದರೆ ಕಬ್ಬಿಣದ ಧೂಳನ್ನು ಫ್ಯಾನ್ ಒಳಗೆಳೆದು ಬಿಸಿ ಹೊರಹಾಕುವ ಹೀಟ್‌ಸಿಂಕಿನ ಸಂದಿಗಳಲ್ಲಿ ತುಂಬುತ್ತದೆ. ಪ್ಲೇಟಿನ ಮೇಲಿನ ಪರ್ಸೆಂಟ್ ಮೊದಲಿನಂತೆಯೇ ಇರುತ್ತದೆ, ಮೆಷಿನ್ನಿನದು ಇಳಿದಿರುತ್ತದೆ.

ಮಿತಿ ದಾಟಿದರೆ ಏನಾಗುತ್ತದೆ? ಸರಿಯಾಗಿ ಕಟ್ಟಿದ ಮೆಷಿನ್ನಾದರೆ ಹಳದಿ ದೀಪ ಹತ್ತಿ ಆರ್ಕ್ ನಿಲ್ಲುತ್ತದೆ. ಮಿಕ್ಸಿಯಲ್ಲಿ ಇಡ್ಲಿ ಹಿಟ್ಟು ಜಾಸ್ತಿ ಹೊತ್ತು ರುಬ್ಬಿದಾಗ ತಳದ ಕೆಂಪು ಬಟನ್ ಹೊರಬರುವ ಹಾಗೆ. ಆದರೆ ಇಲ್ಲಿ ತಕ್ಷಣ ಸ್ವಿಚ್ ಆಫ್ ಮಾಡಬಾರದು. ಆಫ್ ಮಾಡಿದರೆ ಫ್ಯಾನೂ ನಿಲ್ಲುತ್ತದೆ, ಬಿಸಿ ಒಳಗೇ ಕೂರುತ್ತದೆ. ಮೆಷಿನ್ ಆನ್ ಇಟ್ಟೇ ದೀಪ ಆರುವವರೆಗೆ ಕಾಯಬೇಕು. ಟ್ರಿಗರ್ ಬಿಟ್ಟ ಮೇಲೂ ಕೆಲವು ಸೆಕೆಂಡ್ ಕೈಯಲ್ಲಿ ಹಿಡಿದು ಕತ್ತರಿಸುವ ಟಾರ್ಚಿನಿಂದ ಗಾಳಿ ಬುಸುಗುಡುವುದು ಲೀಕ್ ಅಲ್ಲ. ಅದು ಪೋಸ್ಟ್‌ಫ್ಲೋ, ನಾಝಲ್ಲನ್ನೂ ಎಲೆಕ್ಟ್ರೋಡಿನ ತುದಿಯ ಹ್ಯಾಫ್ನಿಯಮ್ ಲೋಹದ ಚುಕ್ಕೆಯನ್ನೂ ತಣಿಸುವ ಗಾಳಿ. ಅದನ್ನು ಉಳಿಸಲು ಹೋಗಿ ವಾಲ್ವ್ ಮುಚ್ಚುವವರು ಎಲೆಕ್ಟ್ರೋಡಿಗೆ ಎರಡರಷ್ಟು ಕೊಡುತ್ತಾರೆ.

ಮನೆ ಶೆಡ್ಡಿಗೆ ಹಾಗಾದರೆ ಎಷ್ಟು ಬೇಕು? ನನ್ನ ಉತ್ತರ: 40 ಆಂಪ್ಸ್‌ಗೆ 35 ಪರ್ಸೆಂಟ್ ಇದ್ದರೆ, ಅದು 40 ಡಿಗ್ರಿಯ 35 ಆಗಿದ್ದರೆ, ಧಾರಾಳ ಸಾಕು. 6 ಎಂಎಂ ಎಂ.ಎಸ್. (ಮೈಲ್ಡ್ ಸ್ಟೀಲ್) ಪ್ಲೇಟನ್ನು 40 ಆಂಪ್ಸ್‌ನಲ್ಲಿ ಕತ್ತರಿಸುವ ವೇಗ ನಿಮಿಷಕ್ಕೆ ಒಂದು ಮೀಟರ್ ಎಂದು ಕಡಿಮೆಯೇ ಹಿಡಿಯಿರಿ. ಮೂರೂವರೆ ನಿಮಿಷಕ್ಕೆ ಮೂರೂವರೆ ಮೀಟರ್ ಆಯಿತು. ಗೇಟಿನ ಹಿಂಜಿಗೆ ಪಟ್ಟಿ, ಟ್ರೇಲರಿಗೆ ಗಸೆಟ್, ಕಂಬಕ್ಕೆ ಬೇಸ್‌ಪ್ಲೇಟ್ ಮಾಡುವವರು ಹತ್ತು ನಿಮಿಷದಲ್ಲಿ ಮೂರೂವರೆ ಮೀಟರ್ ಕತ್ತರಿಸುವುದು ಯಾವ ಕಾಲಕ್ಕೆ? ಗೆರೆ ಹಾಕುವುದಕ್ಕೇ ಅದಕ್ಕಿಂತ ಹೆಚ್ಚು ಹೊತ್ತು ಬೇಕು. ನೂರು ಪರ್ಸೆಂಟ್ ಬೇಕಾದದ್ದು ಕಂಪ್ಯೂಟರ್ ನಡೆಸುವ ಸಿಎನ್‌ಸಿ ಟೇಬಲ್ ಮೇಲೆ ದಿನವಿಡೀ ಶೀಟ್ ಕತ್ತರಿಸುವ ಪೀಣ್ಯದ ಘಟಕಗಳಿಗೆ.

‘ಕಟಿಂಗ್ ಕೆಪಾಸಿಟಿ 12 ಎಂಎಂ’ ಎಂಬುದಕ್ಕೂ ಇಂಥದೇ ಕಾಯಿಲೆ. ನೀಟಾಗಿ ಕತ್ತರಿಸುವ ದಪ್ಪ ಬೇರೆ, ಆಮೆಯ ವೇಗದಲ್ಲಿ ಎಳೆದು ಹೇಗೋ ತುಂಡು ಮಾಡುವ ದಪ್ಪ ಬೇರೆ. ಡಬ್ಬದ ಮೇಲೆ ಇರುವುದು ಸಾಮಾನ್ಯವಾಗಿ ಎರಡನೆಯದು. ಅದರ ಅರ್ಧ ಹಿಡಿದುಕೊಂಡು ಮುಂದೆ ಹೋಗಿ.

ಪರ್ಸೆಂಟಿನಲ್ಲಿ ಉಳಿಸಿದ ದುಡ್ಡನ್ನು ಎರಡು ಕಡೆ ಹಾಕುವುದು ಮೇಲು. ಮೊದಲನೆಯದು ವೈರಿಂಗ್. 40 ಆಂಪ್ಸ್ ಕಟರ್ ಪೂರ್ತಿ ಲೋಡಿನಲ್ಲಿ 230 ವೋಲ್ಟ್ ಲೈನಿನಿಂದ ಇಪ್ಪತ್ತಕ್ಕೂ ಹೆಚ್ಚು ಆಂಪ್ಸ್ ಎಳೆಯುತ್ತದೆ. ಗೀಸರಿನ 16 ಆಂಪ್ಸ್ ಸಾಕೆಟ್ಟಿಗೆ ಚುಚ್ಚಿ, ತೆಳ್ಳಗಿನ ಎಕ್ಸ್‌ಟೆನ್ಷನ್ ಎಳೆದರೆ ಆಗುವುದಿಲ್ಲ, ಪ್ರತ್ಯೇಕ ಎಂಸಿಬಿ ಬೇಕು. ಎರಡನೆಯದು ಟಾರ್ಚಿಗೆ ಗಾಳಿ ಕೊಡುವ ಕಂಪ್ರೆಸರ್. ಹೆಚ್ಚಿನವರ ಕೈ ಕಟ್ಟುವುದು ಕಟರಿನ ಡ್ಯೂಟಿ ಸೈಕಲ್ ಅಲ್ಲ, ಕಂಪ್ರೆಸರಿನದು. ಸಣ್ಣ ಡೈರೆಕ್ಟ್ ಡ್ರೈವ್ ಕಂಪ್ರೆಸರುಗಳೂ ಓಡಿ ನಿಂತು ಓಡಲೆಂದೇ ಮಾಡಿದವು, ಆದರೆ ಅದರ ಡಬ್ಬದ ಮೇಲೆ ಯಾರೂ ಪರ್ಸೆಂಟ್ ಬರೆಯುವುದಿಲ್ಲ. ಬರೆಯುವುದು ಸಿಎಫ್‌ಎಂ, ಅಂದರೆ ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ ಎಂದು, ಅದೂ ಪಿಸ್ಟನ್ ಸಿಲಿಂಡರಿನಲ್ಲಿ ಓಡಾಡುವ ಜಾಗದ ಗಾತ್ರದ ಲೆಕ್ಕ. ಹೊರಗೆ ನಿಜವಾಗಿ ಬರುವ ಗಾಳಿ, ಅಂದರೆ ಎಫ್‌ಎಡಿ, ಅದಕ್ಕಿಂತ ಸಾಕಷ್ಟು ಕಡಿಮೆ.

ಅದನ್ನು ಮನೆಯಲ್ಲೇ ಅಳೆಯಬಹುದು. ಔಟ್‌ಲೆಟ್ ಮುಚ್ಚಿ, ಗೇಜ್ 4 ಬಾರ್‌ನಿಂದ 6ಕ್ಕೆ ಏರಲು ಎಷ್ಟು ಸೆಕೆಂಡ್ ಎಂದು ಮೊಬೈಲಿನಲ್ಲಿ ಹಿಡಿಯಿರಿ. 50 ಲೀಟರ್ ಟ್ಯಾಂಕಿಗೆ ಅರವತ್ತು ಸೆಕೆಂಡ್ ಹಿಡಿದರೆ 50ನ್ನು ಏರಿದ 2 ಬಾರ್‌ನಿಂದ ಗುಣಿಸಿ, ನಿಮಿಷಕ್ಕೆ 100 ಲೀಟರ್, ಅಂದರೆ ಮೂರೂವರೆ ಸಿಎಫ್‌ಎಂ. 40 ಆಂಪ್ಸ್ ಟಾರ್ಚ್ ಕೇಳುವುದು ನಿಮಿಷಕ್ಕೆ ಸುಮಾರು 120ರಿಂದ 170 ಲೀಟರ್. ಕೊರತೆ ಟ್ಯಾಂಕಿನಿಂದ ಹೋಗುತ್ತದೆ. 150 ಲೀಟರ್ ಕೇಳುವ ಟಾರ್ಚಿಗೆ, 8 ಬಾರ್ ತುಂಬಿಟ್ಟು ಶುರು ಮಾಡಿದರೂ, ಸುಮಾರು ಮೂರು ನಿಮಿಷಕ್ಕೆ ಒತ್ತಡ 5 ಬಾರ್‌ಗೆ ಇಳಿದು ಗಾಳಿ ಸಾಲದಾಗುತ್ತದೆ. ಕಟರಿನ 35 ಪರ್ಸೆಂಟ್ ಮುಗಿಯಲು ಆಗ ಇನ್ನೂ ಅರ್ಧ ನಿಮಿಷ ಬಾಕಿ.