ಕೈಗಾದಿಂದ ಹುಬ್ಬಳ್ಳಿಗೆ ಮೊದಲ ಸುದ್ದಿ: ಅಣು ಸ್ಥಾವರದ ತುರ್ತಿನಲ್ಲಿ ಕಂಪನಿಗಳು ಏನು ಹೇಳಿದವು, ಏನು ಹೇಳಬೇಕು

ನಕ್ಷೆಯ ಮೇಲೆ ಗೆರೆ ಎಳೆದರೆ ಕೈಗಾದಿಂದ ಹುಬ್ಬಳ್ಳಿ ಸುಮಾರು 90 ಕಿಲೋಮೀಟರ್. ಧಾರವಾಡವೂ ಹೆಚ್ಚುಕಡಿಮೆ ಅಷ್ಟೇ, ಹಾವೇರಿ ನೂರರ ಆಸುಪಾಸು, ಗದಗ 140. ತಲಾ 220 ಮೆಗಾವ್ಯಾಟಿನ ನಾಲ್ಕು ಘಟಕಗಳು ಕೈಗಾದಲ್ಲಿವೆ. ಅಲ್ಲಿಂದ ಹೊರಟ 400 ಕೆವಿ ವಿದ್ಯುತ್ ಮಾರ್ಗವೊಂದು ಧಾರವಾಡದ ಮಗ್ಗುಲಿನ ನರೇಂದ್ರ ಸ್ಟೇಷನ್ನಿಗೆ ಬಂದು ಸೇರುತ್ತದೆ. ಆದರೆ ತುರ್ತು ಯೋಜನೆಯ ಲೆಕ್ಕದಲ್ಲಿ ನಮ್ಮ ಮೂರೂ ಜಿಲ್ಲೆಗಳು ಹೊರಗಿನವು. ಸ್ಥಾವರದ ಸುತ್ತ 16 ಕಿಲೋಮೀಟರ್ ವೃತ್ತದೊಳಗಿನ ಹಳ್ಳಿಗಳಿಗೆ ಅಣಕು ಕಾರ್ಯಾಚರಣೆ, ಧ್ವನಿವರ್ಧಕ, ಸ್ಥಳಾಂತರದ ದಾರಿ ಎಲ್ಲವೂ ನಿಗದಿಯಾಗಿವೆ. ಅದರಾಚೆ ಇರುವವರಿಗೆ ಸಿಗುವುದು ಸುದ್ದಿ ಮಾತ್ರ. ‘ಕೈಗಾದಾಗ ಏನೋ ಆಗೇತಂತ’ ಎಂಬ ಒಂದು ಸಾಲು ಹುಬ್ಬಳ್ಳಿಯ ದುರ್ಗದಬೈಲಿನಿಂದ ಧಾರವಾಡದ ಸಪ್ತಾಪುರದವರೆಗೆ ಹಬ್ಬಲು ಹತ್ತು ನಿಮಿಷ ಸಾಕು. ಅದಕ್ಕಿಂತ ಮೊದಲು ಸ್ಥಾವರ ನಡೆಸುವ ಕಂಪನಿಯ ಮಾತು ತಲುಪುತ್ತದೆಯೇ, ತಲುಪಿದರೂ ಜನರಿಗೆ ಅರ್ಥವಾಗುತ್ತದೆಯೇ ಎಂಬುದೇ ಇಲ್ಲಿನ ಪ್ರಶ್ನೆ. ಈ ಪ್ರಶ್ನೆಗೆ ನಾಲ್ಕೂವರೆ ದಶಕದ ಇತಿಹಾಸವಿದೆ.

ಅದು ಶುರುವಾಗುವುದು ಅಮೆರಿಕದ ಪೆನ್ಸಿಲ್ವೇನಿಯಾದ ತ್ರೀ ಮೈಲ್ ಐಲೆಂಡಿನಲ್ಲಿ, 1979ರ ಮಾರ್ಚ್ 28ರ ಬೆಳಗಿನ ಜಾವ ನಾಲ್ಕಕ್ಕೆ. ಒತ್ತಡ ಇಳಿಸುವ ಕವಾಟವೊಂದು ತೆರೆದುಕೊಂಡು ಮುಚ್ಚದೆ ಉಳಿಯಿತು. ನಿಯಂತ್ರಣ ಕೊಠಡಿಯ ದೀಪ ಮಾತ್ರ ‘ಮುಚ್ಚಿದೆ’ ಎನ್ನುತ್ತಿತ್ತು, ಏಕೆಂದರೆ ಆ ದೀಪ ತೋರಿಸುತ್ತಿದ್ದುದು ಕವಾಟದ ಸ್ಥಿತಿಯನ್ನಲ್ಲ, ಮುಚ್ಚಲು ಆದೇಶ ಹೋಗಿದೆ ಎಂಬುದನ್ನು. ಒಳಗಿದ್ದವರಿಗೇ ಏನಾಗುತ್ತಿದೆ ಎಂದು ಗೊತ್ತಿಲ್ಲದ ಹೊತ್ತಿನಲ್ಲಿ ಸ್ಥಾವರ ನಡೆಸುತ್ತಿದ್ದ ಮೆಟ್ರೊಪಾಲಿಟನ್ ಎಡಿಸನ್ ಕಂಪನಿ ಹೊರಗಿನವರಿಗೆ ಧೈರ್ಯ ಹೇಳುತ್ತಿತ್ತು. ಆ ಮಾತು ನಂಬಿದ ರಾಜ್ಯದ ಲೆಫ್ಟಿನೆಂಟ್ ಗವರ್ನರ್ ಬೆಳಿಗ್ಗೆ ಎಲ್ಲವೂ ಹತೋಟಿಯಲ್ಲಿದೆ ಎಂದರು. ಸಂಜೆಯ ಹೊತ್ತಿಗೆ, ಕಂಪನಿ ಒಂದಕ್ಕೊಂದು ತಾಳೆಯಾಗದ ಮಾಹಿತಿ ಕೊಟ್ಟಿದೆ ಎಂದು ಅವರೇ ಹೇಳಬೇಕಾಯಿತು. ಇಂಧನದ ಅರ್ಧದಷ್ಟು ಕರಗಿತ್ತು ಎಂಬುದು ಖಚಿತವಾದದ್ದು ಎಷ್ಟೋ ವರ್ಷಗಳ ಮೇಲೆ, ಒಳಗೆ ಕ್ಯಾಮೆರಾ ಇಳಿಸಿದ ನಂತರ.

ಆದರೆ ಜನ ಊರು ಬಿಟ್ಟದ್ದು ಮೂರನೇ ದಿನ, ಶುಕ್ರವಾರ. ಹೊಗೆಗೊಳವೆಯ ಮೇಲೆ ಹಾರಿದ ಹೆಲಿಕಾಪ್ಟರ್ ಗಂಟೆಗೆ 1200 ಮಿಲಿರೆಮ್ ವಿಕಿರಣ ಅಳೆಯಿತು. ಅದೇ ಹೊತ್ತಿಗೆ ವಾಷಿಂಗ್ಟನ್ ಬಳಿಯ ನಿಯಂತ್ರಣ ಆಯೋಗದ ಕಚೇರಿಯಲ್ಲಿ ಸ್ಥಾವರದ ಹೊರಗೆ ನೆಲಮಟ್ಟದಲ್ಲಿ ಎಷ್ಟಿರಬಹುದು ಎಂದು ಲೆಕ್ಕ ಹಾಕಿದ್ದರು, ಕಾಕತಾಳೀಯವಾಗಿ ಅಲ್ಲಿ ಬಂದಿದ್ದೂ 1200. ಗೊಳವೆಯ ನೆತ್ತಿಯ ಅಂಕಿಯನ್ನು ಊರಿನ ಅಂಕಿ ಎಂದು ಓದಿಕೊಂಡು ಜನರನ್ನು ತೆರವು ಮಾಡಿಸಿ ಎಂಬ ಸಲಹೆ ಹೊರಟಿತು. ಸಂಖ್ಯೆ ಸರಿಯಾಗಿತ್ತು, ಎಲ್ಲಿ ಅಳೆದದ್ದು ಎಂಬ ಎರಡು ಪದ ಜೊತೆಗೆ ಹೋಗಲಿಲ್ಲ. ಮುಂದೆ ಗವರ್ನರ್ ಥಾರ್ನ್‌ಬರ್ಗ್ 5 ಮೈಲಿಯೊಳಗಿನ ಗರ್ಭಿಣಿಯರು ಮತ್ತು ಶಾಲೆಗೆ ಹೋಗದ ಚಿಕ್ಕ ಮಕ್ಕಳು ಮಾತ್ರ ಹೊರಡಲಿ ಎಂದರು. ಅವರ ಸಂಖ್ಯೆ ಮೂರೂವರೆ ಸಾವಿರದಷ್ಟು. ಹೊರಟವರು ಸುಮಾರು 1.4 ಲಕ್ಷ.

ದಿನಾಂಕ, ಹೆಸರು ಮರೆತರೂ ಈ ಎರಡು ಸಂಖ್ಯೆಗಳನ್ನು ಹುಬ್ಬಳ್ಳಿಯವರು ನೆನಪಿಟ್ಟುಕೊಳ್ಳಬೇಕು. ವೃತ್ತದ ಹೊರಗಿನವರಿಗೆ ‘ನೀವು ಎಲ್ಲಿದ್ದೀರೋ ಅಲ್ಲೇ ಇರಿ, ಕಾರಣ ಇದು’ ಎಂದು ಯಾರೂ ಬಿಡಿಸಿ ಹೇಳದಿದ್ದರೆ ಅವರು ತಮ್ಮ ತೀರ್ಮಾನ ತಾವೇ ಮಾಡುತ್ತಾರೆ. ಅದು ಅವರ ತಪ್ಪಲ್ಲ.

ಗೊಂದಲ ತಿಳಿಯಾದದ್ದು ಅಧ್ಯಕ್ಷ ಕಾರ್ಟರ್ ಕಳಿಸಿದ, ನಿಯಂತ್ರಣ ಆಯೋಗದ ಅಧಿಕಾರಿ ಹೆರಾಲ್ಡ್ ಡೆಂಟನ್ ಸ್ಥಳಕ್ಕೆ ಬಂದು, ಸ್ಥಾವರದ ಸ್ಥಿತಿಯ ಬಗ್ಗೆ ತಾನೊಬ್ಬನೇ ಮಾತಾಡುವ ಏರ್ಪಾಡು ಆದ ಮೇಲೆ. ಅಲ್ಲಿಂದ ಮುಂದಿನ ನಿಯಮಗಳು ಹುಟ್ಟಿದವು. ತುರ್ತನ್ನು ನಾಲ್ಕು ದರ್ಜೆಗಳಾಗಿ ವಿಂಗಡಿಸಬೇಕು. ದರ್ಜೆ ಘೋಷಿಸಿದ 15 ನಿಮಿಷದೊಳಗೆ ಸ್ಥಳೀಯ ಆಡಳಿತಕ್ಕೆ ತಿಳಿಸಬೇಕು. ಕಂಪನಿ, ಸರ್ಕಾರ, ನಿಯಂತ್ರಕರು ಮೂವರೂ ಒಂದೇ ಸೂರಿನಡಿ ಕೂತು ಪತ್ರಕರ್ತರನ್ನು ಎದುರಿಸಬೇಕು.

ಚೆರ್ನೋಬಿಲ್‌ನದು ಬೇರೆ ಕಥೆ, ಅಲ್ಲಿ ಮೌನವೇ ನೀತಿಯಾಗಿತ್ತು. 1986ರ ಏಪ್ರಿಲ್ 26ರ ಸ್ಫೋಟ ಜಗತ್ತಿಗೆ ತಿಳಿದದ್ದು 28ರಂದು ಸ್ವೀಡನ್ನಿನ ಫೋರ್ಸ್‌ಮಾರ್ಕ್ ಸ್ಥಾವರದಲ್ಲಿ ಅಲಾರಂ ಬಾರಿಸಿದ ಮೇಲೆ. ಗಡಿ ದಾಟಬಲ್ಲ ಅವಘಡವನ್ನು ಬೇಗ ತಿಳಿಸುವ ಅಂತರರಾಷ್ಟ್ರೀಯ ಒಪ್ಪಂದ ಅದೇ ವರ್ಷ ಬಂತು. ಘಟನೆಯ ತೀವ್ರತೆಯನ್ನು 0ಯಿಂದ 7ರವರೆಗೆ ಹೇಳುವ ಐಎನ್ಇಎಸ್ ಮಾಪಕ 1990ರಲ್ಲಿ ಬಂತು. ಅದು ಆಮೇಲೆ ಕೂತು ಅಳೆಯುವ ಸಾಧನ. ಈ ರಾತ್ರಿ ಕಿಟಕಿ ಮುಚ್ಚಬೇಕೇ ಬೇಡವೇ ಎಂದು ಅದು ಹೇಳುವುದಿಲ್ಲ.

ಇಷ್ಟೆಲ್ಲ ಪಾಠ ಬರೆದಿಟ್ಟ ಮೇಲೆ ಜಪಾನಿನ ಫುಕುಶಿಮಾ ಆಯಿತು. 2011ರ ಮಾರ್ಚ್ 11ರ ಮಧ್ಯಾಹ್ನ 2.46ಕ್ಕೆ ಭೂಕಂಪ, ಒಂದು ಗಂಟೆಯೊಳಗೆ ಸುನಾಮಿ. ವಿದ್ಯುತ್ ಹೋದದ್ದನ್ನು ಸ್ಥಾವರ ನಡೆಸುವ ಟೆಪ್ಕೊ ಕಂಪನಿ ಕಾನೂನಿನಂತೆ ಕೆಲವೇ ನಿಮಿಷಗಳಲ್ಲಿ ಸರ್ಕಾರಕ್ಕೆ ತಿಳಿಸಿತು, ಅಲ್ಲಿಯವರೆಗೆ ಲೋಪವಿಲ್ಲ. ಆಮೇಲಿನದು ಒಂದೊಂದಾಗಿ ಕುಸಿಯಿತು. ತುರ್ತಿನ ಸಮನ್ವಯಕ್ಕೆಂದೇ ಸ್ಥಾವರದಿಂದ 5 ಕಿಲೋಮೀಟರ್ ದೂರದಲ್ಲಿ ಕಟ್ಟಿದ್ದ ಕೇಂದ್ರ ಕರೆಂಟು, ಫೋನು ಇಲ್ಲದೆ ನಿಷ್ಪ್ರಯೋಜಕವಾಯಿತು. ಮರುದಿನ ಮಧ್ಯಾಹ್ನ 3.36ಕ್ಕೆ 1ನೇ ಘಟಕದ ಕಟ್ಟಡ ಹಾರಿಹೋದದ್ದು ಪ್ರಧಾನಿ ಕಚೇರಿಗೆ ಗೊತ್ತಾದದ್ದು ಟಿವಿ ನೋಡಿ. ಮಾರ್ಚ್ 27ರಂದು 2ನೇ ಘಟಕದ ನೀರಿನಲ್ಲಿ ವಿಕಿರಣಶೀಲತೆ ಮಾಮೂಲಿನ ಒಂದು ಕೋಟಿ ಪಟ್ಟು ಎಂದು ಕಂಪನಿ ಪ್ರಕಟಿಸಿ, ಆಮೇಲೆ ಯಾವ ವಿಕಿರಣಶೀಲ ವಸ್ತು (ಐಸೊಟೋಪ್) ಎಂದು ಗುರುತಿಸುವಲ್ಲಿ ತಪ್ಪಾಯಿತು, ಅದು ಒಂದು ಲಕ್ಷ ಪಟ್ಟು ಎಂದು ತಿದ್ದಿತು. ಒಂದು ಲಕ್ಷ ಪಟ್ಟೂ ಭಾರಿಯೇ. ಆದರೆ ನೂರು ಪಟ್ಟು ತಪ್ಪು ಹೇಳಿದವರ ಮುಂದಿನ ಅಂಕಿಯನ್ನು ಯಾರು ನಂಬಬೇಕು?

ಎಲ್ಲಕ್ಕಿಂತ ದುಬಾರಿಯಾದದ್ದು ಒಂದು ಪದ, ‘ಮೆಲ್ಟ್‌ಡೌನ್’, ಅಂದರೆ ಇಂಧನ ಕರಗುವುದು. ಇಂಧನ ಶೇ 5ಕ್ಕಿಂತ ಹೆಚ್ಚು ಹಾಳಾದರೆ ಮೆಲ್ಟ್‌ಡೌನ್ ಎನ್ನಬೇಕು ಎಂದು ಟೆಪ್ಕೊದ ಸ್ವಂತ ಕೈಪಿಡಿಯಲ್ಲೇ ಇತ್ತು. ಆ ಗೆರೆ ದಾಟಿದ್ದು ಕೆಲವೇ ದಿನಗಳಲ್ಲಿ ಅದರ ಲೆಕ್ಕದಲ್ಲಿತ್ತು. ಆದರೂ ಹೊರಗೆ ಬಳಸಿದ್ದು ‘ಇಂಧನಕ್ಕೆ ಹಾನಿ’ ಎಂಬ ಮೆದು ಮಾತು. ಕಂಪನಿ ಮೆಲ್ಟ್‌ಡೌನ್ ಒಪ್ಪಿದ್ದು ಮೇ ತಿಂಗಳಲ್ಲಿ. ಆ ಪದ ಬಳಸಬೇಡಿ ಎಂಬ ಸೂಚನೆ ಕಂಪನಿಯ ಅಧ್ಯಕ್ಷರ ಕಡೆಯಿಂದಲೇ ಹೋಗಿತ್ತು ಎಂಬುದು ತನಿಖೆಯಲ್ಲಿ ಹೊರಬಂದು ಕಂಪನಿ ಕ್ಷಮೆ ಕೇಳಿದ್ದು 2016ರಲ್ಲಿ. ಜನ ಹೆದರಬಾರದು ಎಂದು ಪದವನ್ನು ಮುಚ್ಚಿಟ್ಟರೆ ಭಯ ಕಡಿಮೆಯಾಗುವುದಿಲ್ಲ, ನಂಬಿಕೆ ಕಡಿಮೆಯಾಗುತ್ತದೆ. ಆಮೇಲೆ ‘ಇಲ್ಲಿ ಅಪಾಯವಿಲ್ಲ’ ಎಂದು ನಿಜ ಹೇಳಿದರೂ ಕೇಳುವವರಿರುವುದಿಲ್ಲ.

ವೃತ್ತದ ಮಿತಿ ಏನೆಂಬುದನ್ನೂ ಫುಕುಶಿಮಾ ತೋರಿಸಿತು. 20 ಕಿಲೋಮೀಟರ್ ತೆರವು ವಲಯದಾಚೆ, ವಾಯವ್ಯಕ್ಕೆ 40 ಕಿಲೋಮೀಟರ್ ಸುಮಾರಿನಲ್ಲಿದ್ದ ಇಟಾಟೆ ಗ್ರಾಮದ ಮೇಲೆ ಗಾಳಿ ತಿರುಗಿದ ಹೊತ್ತಿಗೇ ಮಳೆ, ಹಿಮ ಬಿದ್ದು ವಿಕಿರಣಶೀಲ ಕಣಗಳು ನೆಲಕ್ಕಿಳಿದವು. ಅದನ್ನು ತೆರವಿನ ಪಟ್ಟಿಗೆ ಸೇರಿಸಿದ್ದು ಏಪ್ರಿಲ್ 22ರಂದು.

ಇನ್ನು ನಮ್ಮ ಕಡೆಗೆ. 2009ರ ನವೆಂಬರ್ 24ರಂದು ಕೈಗಾ ಸಿಬ್ಬಂದಿಯ ವಾಡಿಕೆಯ ಮೂತ್ರ ಪರೀಕ್ಷೆಯಲ್ಲಿ ಟ್ರಿಟಿಯಂ ಎಂಬ ವಿಕಿರಣಶೀಲ ಜಲಜನಕ ಹೆಚ್ಚಾಗಿರುವುದು ಕಂಡಿತು. ಹುಡುಕಿದಾಗ ಸಿಕ್ಕಿದ್ದು ಕುಡಿಯುವ ನೀರಿನ ಕೂಲರ್. ಯಾರೋ ಬೇಕೆಂದೇ ಟ್ರಿಟಿಯಂ ಇದ್ದ ಭಾರಜಲ (ರಿಯಾಕ್ಟರಿನಲ್ಲಿ ಬಳಸುವ ವಿಶೇಷ ನೀರು) ಬೆರೆಸಿದ್ದರು ಎಂದು ಅಧಿಕಾರಿಗಳು ಹೇಳಿದರು. ಐವತ್ತಕ್ಕೂ ಹೆಚ್ಚು ಮಂದಿಯ ದೇಹಕ್ಕೆ ಅದು ಸೇರಿತ್ತು, ವರ್ಷಕ್ಕೆ 30 ಮಿಲಿಸೀವರ್ಟ್ (ದೇಹಕ್ಕೆ ತಾಗುವ ವಿಕಿರಣದ ಅಳತೆ) ಎಂಬ ಸಿಬ್ಬಂದಿಯ ಮಿತಿ ಮೀರಿದವರು ಬೆರಳೆಣಿಕೆ. ಹೊರಗೆ ಸೋರಿಕೆ ಆಗಿರಲಿಲ್ಲ. ಆದರೆ ಸುದ್ದಿ ಊರಿಗೆ ತಲುಪಲು ನಾಲ್ಕೈದು ದಿನ ಹಿಡಿಯಿತು. ಆ ತಡದಿಂದಾಗಿ ‘ಸ್ಥಾವರದೊಳಗಿನ ಕಿಡಿಗೇಡಿತನ’ ಎಂಬ ವಿಷಯ ‘ಕೈಗಾದಲ್ಲಿ ವಿಕಿರಣ ಸೋರಿಕೆ’ ಎಂಬ ತಲೆಬರಹವಾಯಿತು.

2016ರ ಮಾರ್ಚ್ 11ರಂದು ಗುಜರಾತಿನ ಕಾಕ್ರಾಪಾರ್ 1ನೇ ಘಟಕದ ಶೀತಕ ನಾಳದಲ್ಲಿ ಭಾರಜಲ ಸೋರಿದಾಗ ಕೈಗಾವನ್ನೂ ನಡೆಸುವ ನಮ್ಮ ಅಣು ವಿದ್ಯುತ್ ನಿಗಮ ಸ್ಥಾವರ ತುರ್ತನ್ನು ಆ ದಿನವೇ ಪ್ರಕಟಿಸಿತು. ಇದು ಸ್ಪಷ್ಟವಾದ ಸುಧಾರಣೆ. 2019ರಲ್ಲಿ ಮತ್ತೆ ಹಿಂದಕ್ಕೆ ಜಾರಿತು: ಅಕ್ಟೋಬರ್ 29ರಂದು ಕೂಡಂಕುಳಂ ಸ್ಥಾವರ ಸೈಬರ್ ದಾಳಿಯ ಸುದ್ದಿ ಸುಳ್ಳು ಎಂದಿತು, ಮರುದಿನವೇ ನಿಗಮದ ಕೇಂದ್ರ ಕಚೇರಿ ಆಡಳಿತ ಜಾಲದ ಒಂದು ಕಂಪ್ಯೂಟರಿನಲ್ಲಿ ಕುತಂತ್ರಾಂಶ ಸಿಕ್ಕಿದ್ದು ನಿಜ, ಸೆಪ್ಟೆಂಬರಿನಲ್ಲೇ ತಿಳಿದಿತ್ತು ಎಂದು ಒಪ್ಪಿತು. ರಿಯಾಕ್ಟರಿಗೆ ಅದರಿಂದ ತೊಂದರೆ ಇರಲಿಲ್ಲ. ಮೊದಲ ದಿನವೇ ಇಷ್ಟನ್ನು ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

ಕೈಗಾದಲ್ಲಿ ನಾಳೆ ತುರ್ತು ಬಂದರೆ ಸುದ್ದಿಯ ದಾರಿ ಹೀಗಿದೆ. ಪಾಳಿಯ ಮುಖ್ಯಸ್ಥ ಸ್ಥಾವರ ನಿರ್ದೇಶಕರಿಗೆ ತಿಳಿಸುತ್ತಾರೆ. ಕಟ್ಟಡದೊಳಗೇ ಉಳಿಯುವಂಥದ್ದಾದರೆ ಸ್ಥಾವರ ತುರ್ತು, ಆವರಣದೊಳಗೆ ಉಳಿಯುವಂಥದ್ದಾದರೆ ಆವರಣ ತುರ್ತು. ಇವೆರಡನ್ನೂ ಘೋಷಿಸುವುದು ಸ್ಥಾವರದ್ದೇ ಹೊಣೆ. ಹೊರಗೆ ಹರಡುವ ಸಂಭವವಿದ್ದರೆ ಆವರಣದಾಚೆಯ ತುರ್ತು. ಆಗ ಜನರ ಮಟ್ಟಿಗೆ ಅಧಿಕಾರ ಕಾರವಾರದಲ್ಲಿರುವ ಉತ್ತರ ಕನ್ನಡ ಜಿಲ್ಲಾಧಿಕಾರಿಯದು; ಸ್ಥಾವರ ತಾಂತ್ರಿಕ ಸಲಹೆ ಕೊಡುತ್ತದೆ, ಪರಿಸರ ಸಮೀಕ್ಷಾ ಪ್ರಯೋಗಾಲಯ ಅಳತೆ ಕೊಡುತ್ತದೆ. ಆವರಣ ತುರ್ತಿನ ತಾಲೀಮು ವರ್ಷಕ್ಕೊಮ್ಮೆ, ಹೊರಗಿನದು ಎರಡು ವರ್ಷಕ್ಕೊಮ್ಮೆ. ಧಾರವಾಡ, ಹಾವೇರಿ, ಗದಗಗಳಲ್ಲೂ 2005ರ ಕಾಯ್ದೆಯಂತೆ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಗಳಿವೆ. ಕಾರವಾರಕ್ಕೆ ಹೋಗುವ ಮೊದಲ ಫೋನಿನ ಬೆನ್ನಿಗೇ ಇಲ್ಲಿಗೂ ಒಂದು ಬರಬೇಕು, ತಾಲೀಮಿನಲ್ಲೂ ಬರಬೇಕು.

ಆ ಫೋನಿನಲ್ಲಿ ಏನಿರಬೇಕು? ಘಟಕದ ಸಂಖ್ಯೆ, ಘಟನೆಯ ಸಮಯ, ದರ್ಜೆ, ಹೊರಗೆ ಬಿಡುಗಡೆ ಆಗಿದೆಯೇ ಇಲ್ಲವೇ, ಗಾಳಿ ಎಲ್ಲಿಂದ ಎಲ್ಲಿಗೆ ಮತ್ತು ಎಷ್ಟು ವೇಗ. ಗಾಳಿಯ ಮಾತು ನಮಗೆ ವಿಶೇಷ. ಹುಬ್ಬಳ್ಳಿ-ಧಾರವಾಡ ಇರುವುದು ಕೈಗಾದ ಈಶಾನ್ಯಕ್ಕೆ; ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀಸುವುದು ಪಶ್ಚಿಮ, ನೈಋತ್ಯದ ಗಾಳಿ. ಗಂಟೆಗೆ 15 ಕಿಲೋಮೀಟರ್ ವೇಗವಾದರೆ ಯಲ್ಲಾಪುರಕ್ಕೆ ಎರಡು ಗಂಟೆ, ಹುಬ್ಬಳ್ಳಿಗೆ ಆರು. ದೂರ ಹೆಚ್ಚಿದಂತೆ ಸಾಂದ್ರತೆ ಇಳಿಯುತ್ತದೆ, ಘಟ್ಟದ ಮಳೆ ಬಹುಪಾಲನ್ನು ದಾರಿಯಲ್ಲೇ ತೊಳೆದು ಇಳಿಸಬಹುದು. ಹಾಗೆ ಇಳಿದ ಜಾಗ ಇನ್ನೊಂದು ಇಟಾಟೆ ಆಗಬಹುದು. ಆದ್ದರಿಂದ ಎಲ್ಲಿ ಮಳೆಯಾಯಿತು ಎಂಬುದೂ ಪ್ರಕಟಣೆಯ ಭಾಗವೇ. ಚಳಿಗಾಲದ ಮೂಡಣ ಗಾಳಿಯಲ್ಲಿ ಈ ಚಿತ್ರ ತಿರುವುಮುರುವು.

ನಮ್ಮ ದೂರಕ್ಕೆ ಊರು ಬಿಡುವುದಕ್ಕಿಂತ ಹಾಲಿನ ವಿಷಯ ಮುಖ್ಯ. ವಿಕಿರಣಶೀಲ ಅಯೊಡಿನ್-131 ಹುಲ್ಲಿನ ಮೇಲೆ ಕೂತರೆ ಹಸುವಿನ ಮೂಲಕ ಕೆಲವೇ ದಿನಗಳಲ್ಲಿ ಹಾಲಿಗಿಳಿಯುತ್ತದೆ, ಮಕ್ಕಳ ಥೈರಾಯ್ಡ್ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. 1957ರಲ್ಲಿ ಇಂಗ್ಲೆಂಡಿನ ವಿಂಡ್‌ಸ್ಕೇಲ್ ಬೆಂಕಿಯಾದಾಗ ಸುಮಾರು 500 ಚದರ ಕಿಲೋಮೀಟರಿನ ಹಾಲನ್ನು ತಡೆಹಿಡಿದರು. ಉತ್ತರ ಕನ್ನಡದ ಹಾಲು ಧಾರವಾಡದ ಒಕ್ಕೂಟಕ್ಕೆ ಬರುವುದರಿಂದ ಸಂಗ್ರಹಣಾ ಮಾರ್ಗಗಳ ಪಟ್ಟಿ ಮೊದಲ ದಿನವೇ ಅಧಿಕಾರಿಗಳ ಕೈಯಲ್ಲಿರಬೇಕು. ಅಯೊಡಿನ್-131 ಎಂಟು ದಿನಕ್ಕೆ ಅರ್ಧವಾಗುತ್ತದೆ. ಕೊಟ್ಟಿಗೆಯೊಳಗಿನ ಒಣಮೇವು ಹಾಕಿ ಕಟ್ಟಿದ ದನದ ಹಾಲಿಗೆ ಈ ಭಯವಿಲ್ಲ. ನೀರಿನ ವಿಷಯದಲ್ಲಿ ಒಂದು ಸಮಾಧಾನವನ್ನು ಖಚಿತವಾಗಿ ಹೇಳಬಹುದು: ಕೈಗಾ ಇರುವುದು ಕಾಳಿ ನದಿಯ ಕದ್ರಾ ಜಲಾಶಯದ ದಂಡೆಯಲ್ಲಿ, ಆ ನೀರು ಕಾರವಾರದ ಕಡಲಿಗೆ ಹೋಗುತ್ತದೆ. ಹುಬ್ಬಳ್ಳಿ-ಧಾರವಾಡ ಕುಡಿಯುವುದು ಮಲಪ್ರಭೆಯನ್ನು, ಗದಗ ಮತ್ತು ಹಾವೇರಿಯದು ತುಂಗಭದ್ರೆಯ ಕಡೆಯ ನೀರು.

ಥೈರಾಯ್ಡ್ ಕಾಯುವ ಅಯೊಡಿನ್ ಗುಳಿಗೆಯ ಬಗ್ಗೆ ಗೊಂದಲ ಖಂಡಿತ ಏಳುತ್ತದೆ. ಪೊಟ್ಯಾಸಿಯಂ ಅಯೊಡೈಡ್ ದೊಡ್ಡವರಿಗೆ 130 ಮಿಲಿಗ್ರಾಂ, 3ರಿಂದ 12 ವರ್ಷದವರಿಗೆ 65; ಕಣಗಳು ತಲುಪುವ ತುಸು ಮೊದಲು ಅಥವಾ ಎರಡು ಗಂಟೆಯೊಳಗೆ ತಗೊಂಡರೆ ಪೂರ್ತಿ ಫಲ, ಅದೂ ಥೈರಾಯ್ಡಿಗೆ ಮಾತ್ರ. ಆಡಳಿತ ಹೇಳದೆ ನುಂಗುವಂಥದ್ದಲ್ಲ. 2011ರಲ್ಲಿ ಚೀನಾದ ಜನ ಅಯೊಡಿನ್ ಉಪ್ಪಿಗೆ ಮುಗಿಬಿದ್ದರು. ಒಂದು ಗುಳಿಗೆಯ ಅಯೊಡಿನ್ ಸುಮಾರು 100 ಮಿಲಿಗ್ರಾಂ, ನಮ್ಮ ಮನೆಯ ಉಪ್ಪಿನಲ್ಲಿರುವುದು ಕಿಲೋಗೆ 15 ಮಿಲಿಗ್ರಾಂ ಆಸುಪಾಸು. ಆರೂವರೆ ಕಿಲೋ ಉಪ್ಪು ತಿನ್ನಬೇಕಾದೀತು. ಈ ಲೆಕ್ಕವನ್ನೇ ಪ್ರಕಟಣೆಯಲ್ಲಿ ಹಾಕಿದರೆ ಕಿರಾಣಿ ಅಂಗಡಿಯ ಸಾಲು ಕರಗುತ್ತದೆ.

ಕನ್ನಡದ ತೊಡಕು ಬೇರೆಯೇ ಇದೆ. ಬರೀ ‘ತುರ್ತು ಪರಿಸ್ಥಿತಿ’ ಎಂದರೆ ಹಿರಿಯರಿಗೆ ನೆನಪಾಗುವುದು 1975. ‘ಸೋರಿಕೆ’ ಎಂದಷ್ಟೇ ಬರೆದರೆ ಭಾರಜಲ ಕೋಣೆಯೊಳಗೆ ಸೋರಿದ್ದೂ ಅನಿಲ ಬಯಲಿಗೆ ಬಂದದ್ದೂ ಒಂದೇ ಆಗುತ್ತದೆ. ಮಿಲಿ ಮತ್ತು ಮೈಕ್ರೊ ನಡುವೆ ಸಾವಿರ ಪಟ್ಟು ಅಂತರವಿದೆ, ಅವಸರದ ಅನುವಾದದಲ್ಲಿ ಮೊದಲು ಜಾರುವುದೇ ಅದು. ‘ಮಿತಿಯೊಳಗಿದೆ’ ಎನ್ನುವಾಗ ಸಿಬ್ಬಂದಿಯ ಮಿತಿಯೋ ಜನಸಾಮಾನ್ಯರ ವರ್ಷಕ್ಕೆ 1 ಮಿಲಿಸೀವರ್ಟೋ ಎಂದು ಹೇಳಲೇಬೇಕು. ‘ಬಾಗಿಲು ಕಿಟಕಿ ಮುಚ್ಚಿ ಒಳಗಿರಿ’ ಎಂಬುದು ಆರ್‌ಸಿಸಿ ಮನೆಗೆ ಸರಿ. ಸಂದು ಬಿಟ್ಟ ಹೆಂಚಿನ ಮನೆಯವರಿಗೆ ಯಾವ ಶಾಲೆ, ಯಾವ ಸಮುದಾಯ ಭವನ ಎಂದು ಹೆಸರು ಹಿಡಿದು ಹೇಳಬೇಕು.

ತಲುಪಿಸುವ ಸಾಧನ ಈಗ ಕೈಯಲ್ಲೇ ಇದೆ. 2023ರ ಅಕ್ಟೋಬರಿನಲ್ಲಿ ಕರ್ನಾಟಕದ ಮೊಬೈಲುಗಳು ಒಮ್ಮೆಗೇ ಕಿರುಚಿದ್ದು ಇಂಥ ಎಚ್ಚರಿಕೆಯ ಪರೀಕ್ಷೆಗೆ. ಅದಕ್ಕೂ ಶಿಸ್ತು ಬೇಕು. 2020ರ ಜನವರಿ 12ರ ಬೆಳಿಗ್ಗೆ ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ಪಿಕರಿಂಗ್ ಸ್ಥಾವರದ ಬಗ್ಗೆ ತಪ್ಪಿ ಹೋದ ತಾಲೀಮಿನ ಸಂದೇಶವನ್ನು ಅದೇ ಮೊಬೈಲುಗಳಲ್ಲಿ ಹಿಂಪಡೆಯಲು 108 ನಿಮಿಷ ಬೇಕಾಯಿತು. ಏಕೆಂದರೆ ‘ಹಿಂದಿನ ಸಂದೇಶ ತಪ್ಪು’ ಎಂದು ಕಳಿಸುವ ಅಧಿಕಾರ ಯಾರದು ಎಂಬುದೇ ಪಾಳಿಯಲ್ಲಿದ್ದವರಿಗೆ ಸ್ಪಷ್ಟವಿರಲಿಲ್ಲ. ರದ್ದುಪಡಿಸುವ ಸಂದೇಶವನ್ನೂ ಮೊದಲ ಸಂದೇಶದ ಜೊತೆಗೇ ಬರೆದಿಟ್ಟಿರಬೇಕು.

ಖಾಲಿ ಜಾಗ ಬಿಟ್ಟು ಕನ್ನಡದಲ್ಲಿ ಮೊದಲೇ ಸಿದ್ಧಪಡಿಸಿದ, ಧಾರವಾಡ ಆಕಾಶವಾಣಿಯವರು ಅರ್ಧ ನಿಮಿಷದಲ್ಲಿ ಓದಿ ಮುಗಿಸಬಹುದಾದ ಪ್ರಕಟಣೆ ಈ ಬಗೆಯದು: ‘ಕೈಗಾ __ನೇ ಘಟಕದಲ್ಲಿ ಇಂದು __ ಗಂಟೆಗೆ __ ಆಗಿದೆ. ರಿಯಾಕ್ಟರ್ ನಿಲ್ಲಿಸಲಾಗಿದೆ. ಆವರಣದ ಹೊರಗೆ ಬಿಡುಗಡೆ ಆಗಿದೆ / ಆಗಿಲ್ಲ / ಇನ್ನೂ ಖಚಿತವಿಲ್ಲ. ಗಾಳಿ __ ಕಡೆಗೆ ಬೀಸುತ್ತಿದೆ. ಧಾರವಾಡ, ಗದಗ, ಹಾವೇರಿ ಜಿಲ್ಲೆಯವರು ಊರು ಬಿಡಬೇಕಿಲ್ಲ, ಗುಳಿಗೆ ತಗೊಳ್ಳಬೇಕಿಲ್ಲ. ಯಲ್ಲಾಪುರ ರಸ್ತೆಯನ್ನು ಆಂಬುಲೆನ್ಸ್‌ಗಳಿಗೆ ಬಿಡಿ. ಮುಂದಿನ ಮಾಹಿತಿ __ ಗಂಟೆಗೆ. ಹೊಸದೇನೂ ಇಲ್ಲದಿದ್ದರೂ ಆ ಹೊತ್ತಿಗೆ ಮಾತಾಡುತ್ತೇವೆ.’