ಎಲ್ಲದರಲ್ಲೂ ಮುಂದಿರುವವರ ಆತಂಕ ಯಾಕೆ ನಮ್ಮ ಕಣ್ಣಿಗೆ ಬೀಳುವುದಿಲ್ಲ?

ಮನಶ್ಶಾಸ್ತ್ರದ ವಿದ್ಯಾರ್ಥಿಗಳಾಗಿ ಆತಂಕದ ಕಾಯಿಲೆಗಳ ಪಾಠ ಓದುವಾಗ ನಮ್ಮ ತಲೆಯಲ್ಲಿ ಒಂದು ಚಿತ್ರ ಕೂತುಬಿಡುತ್ತದೆ. ಆ ರೋಗಿ ಕೆಲಸ ಬಿಟ್ಟಿರುತ್ತಾನೆ, ಪರೀಕ್ಷೆ ತಪ್ಪಿಸಿಕೊಳ್ಳುತ್ತಾನೆ, ಜನರ ಮುಂದೆ ನಡುಗುತ್ತಾನೆ. ಆದರೆ ಕ್ಲಾಸಿಗೇ ಫಸ್ಟ್ ಬರುವವಳೂ, ಆಫೀಸಿನಲ್ಲಿ ಎಲ್ಲರಿಗಿಂತ ಮೊದಲು ಕೆಲಸ ಮುಗಿಸುವವನೂ ಒಳಗೊಳಗೇ ಅಷ್ಟೇ ಒದ್ದಾಡುತ್ತಿರಬಹುದು. ಅವರು ಮುಚ್ಚಿಡುತ್ತಾರೆ, ನಿಜ. ಆದರೆ ಅದಕ್ಕಿಂತ ದೊಡ್ಡ ಕಾರಣ ನಾವೇ. ಅವರ ಆತಂಕದ ಲಕ್ಷಣಗಳನ್ನು "ಎಷ್ಟು ಶಿಸ್ತು ನೋಡು" ಅಂತ ಹೊಗಳುತ್ತಿರುತ್ತೇವೆ.

ಮೊದಲು ಪರೀಕ್ಷೆಗೆ ಬೇಕಾದ ಮಾತು. ಇಂಥ ಆತಂಕಕ್ಕೆ ಇನ್‌ಸ್ಟಾಗ್ರಾಂನಲ್ಲಿ ತುಂಬಾ ಓಡಾಡುವ ಹೆಸರು 'ಹೈ ಫಂಕ್ಷನಿಂಗ್ ಆಂಕ್ಸೈಟಿ'. ಅದು ಮಾನಸಿಕ ಕಾಯಿಲೆಗಳ ಅಮೆರಿಕದ ಕೈಪಿಡಿಯಾದ ಡಿಎಸ್‌ಎಂ-5ರಲ್ಲೂ ಇಲ್ಲ, ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯಾದ ಐಸಿಡಿ-11ರಲ್ಲೂ ಇಲ್ಲ. ಉತ್ತರದಲ್ಲಿ ಅದನ್ನು ಡಯಾಗ್ನೋಸಿಸ್ ಅಂತ ಬರೆಯಬೇಡಿ. ಇಂಥವರಲ್ಲಿ ಹೆಚ್ಚಾಗಿ ನೋಡಬೇಕಾದದ್ದು ಜಿಎಡಿ, ಅಂದರೆ ಜನರಲೈಸ್ಡ್ ಆಂಕ್ಸೈಟಿ ಡಿಸಾರ್ಡರ್. ಡಿಎಸ್‌ಎಂ-5ರ ಪ್ರಕಾರ ಕನಿಷ್ಠ 6 ತಿಂಗಳು, ಹೆಚ್ಚಿನ ದಿನಗಳಲ್ಲಿ, ಹತೋಟಿಗೆ ಬಾರದ ಅತಿಯಾದ ಚಿಂತೆ ಇರಬೇಕು. ಜೊತೆಗೆ ಚಡಪಡಿಕೆ, ಬೇಗ ಸುಸ್ತು, ಗಮನ ನಿಲ್ಲದಿರುವುದು, ಸಿಡುಕು, ಮಾಂಸಖಂಡಗಳ ಬಿಗಿತ, ನಿದ್ದೆಯ ತೊಂದರೆ, ಈ 6ರಲ್ಲಿ 3 ಇರಬೇಕು. ದೊಡ್ಡವರಿಗೆ ಈ ಲೆಕ್ಕ, ಮಕ್ಕಳಿಗೆ 1 ಸಾಕು.

ನಾವು ಎಡವುವುದು ಇನ್ನೊಂದು ಷರತ್ತಿನಲ್ಲಿ. ಗಣನೀಯ ಯಾತನೆ ಇರಬೇಕು, ಅಥವಾ ದಿನನಿತ್ಯದ ಕೆಲಸಕ್ಕೆ ಅಡ್ಡಿಯಾಗಬೇಕು. ಆ 'ಅಥವಾ'ಗೆ ಕೆಳಗೆ ಗೆರೆ ಎಳೆದುಕೊಳ್ಳಿ. ಮಾರ್ಕ್ಸ್ ಚೆನ್ನಾಗಿದೆ, ಪ್ರಮೋಷನ್ ಬಂದಿದೆ, ಹಾಗಾಗಿ ತೊಂದರೆ ಇಲ್ಲ ಅಂತ ತೀರ್ಮಾನ ಮಾಡುವವರು ಷರತ್ತಿನ ಅರ್ಧವನ್ನಷ್ಟೇ ಓದಿರುತ್ತಾರೆ.

ಈಗ ಇದು ಒಳಗೆ ಹೇಗೆ ನಡೆಯುತ್ತದೆ ಅಂತ ನೋಡೋಣ. ಒಂದು ಕಂಪನಿಯ ಅಕೌಂಟ್ಸ್ ವಿಭಾಗದ ಒಬ್ಬಾಕೆಯನ್ನು ಊಹಿಸಿಕೊಳ್ಳಿ. ಒಂದು ಸಣ್ಣ ಮೇಲ್ ಕಳಿಸುವ ಮುಂಚೆ ಮತ್ತೆ ಮತ್ತೆ ಓದುತ್ತಾಳೆ, ಲೆಕ್ಕವನ್ನು ಇನ್ನೊಮ್ಮೆ ಕೂಡುತ್ತಾಳೆ, ರಾತ್ರಿ ಮಲಗಿದ ಮೇಲೂ ಫೋನ್ ತೆಗೆದು 'ಸೆಂಟ್' ಫೋಲ್ಡರ್ ನೋಡುತ್ತಾಳೆ. ಪ್ರತಿ ಸಲ ನೋಡಿದಾಗ ಆತಂಕ ಸ್ವಲ್ಪ ಇಳಿಯುತ್ತದೆ. ಇಳಿಯಿತಲ್ಲ, ಅದಕ್ಕೇ ನಾಳೆ ಮತ್ತೆ ನೋಡುತ್ತಾಳೆ. ಇದೇ ನೆಗೆಟಿವ್ ರೀಇನ್‌ಫೋರ್ಸ್‌ಮೆಂಟ್, ಅಂದರೆ ಬೇಡದ್ದು ದೂರವಾಗಿದ್ದರಿಂದ ಅಭ್ಯಾಸಕ್ಕೆ ಸಿಗುವ ಬಲ. ಮೇಲಿಂದ ಬಾಸ್ ಬೇರೆ ಮೆಚ್ಚುತ್ತಾನೆ, ಅದು ಪಾಸಿಟಿವ್ ರೀಇನ್‌ಫೋರ್ಸ್‌ಮೆಂಟ್. ಎರಡೂ ಕಡೆಯಿಂದ ಬಲ ಸಿಕ್ಕ ಅಭ್ಯಾಸ ತಾನಾಗಿ ಬಿಡುವುದಿಲ್ಲ. "ನಾನು ಇಷ್ಟು ಚೆಕ್ ಮಾಡಿದ್ದಕ್ಕೇ ತಪ್ಪಾಗಲಿಲ್ಲ" ಅಂತ ಅವಳು ನಂಬಿರುತ್ತಾಳೆ. ಚೆಕ್ ಮಾಡದಿದ್ದರೂ ಏನೂ ಆಗುತ್ತಿರಲಿಲ್ಲ ಅಂತ ಗೊತ್ತಾಗಲು ಅವಕಾಶವೇ ಸಿಗುವುದಿಲ್ಲ. ಹೆದರಿದ್ದು ಆಗದಿರಲಿ ಅಂತ ಮಾಡುವ ಇಂಥ ಕೆಲಸಗಳನ್ನೇ ಸೇಫ್ಟಿ ಬಿಹೇವಿಯರ್ ಅನ್ನುವುದು.

ಹಾಗಂತ ತಯಾರಿ ಮಾಡುವುದೆಲ್ಲ ಕಾಯಿಲೆಯಾ? ಅಲ್ಲ. ಇಲ್ಲಿ ಸಚಿನ್ ತೆಂಡೂಲ್ಕರ್ ಒಳ್ಳೆ ಉದಾಹರಣೆ. ತಮ್ಮನ್ನು 10-12 ವರ್ಷ ಆತಂಕ ಕಾಡಿತ್ತು, ಪಂದ್ಯಕ್ಕೆ ಮುಂಚಿನ ಎಷ್ಟೋ ರಾತ್ರಿ ನಿದ್ದೆ ಬಂದಿರಲಿಲ್ಲ ಅಂತ ಅವರೇ 2021ರಲ್ಲಿ ಹೇಳಿದರು. ನಾವು ಟಿವಿಯಲ್ಲಿ ನೋಡಿದ್ದು ಮಾತ್ರ ಶಾಂತ ಮುಖ! ಆಮೇಲಾಮೇಲೆ ಇದು ತನ್ನ ತಯಾರಿಯದೇ ಭಾಗ ಅಂತ ಒಪ್ಪಿಕೊಂಡರಂತೆ. ಟೀ ಮಾಡುವುದು, ಬಟ್ಟೆ ಇಸ್ತ್ರಿ ಮಾಡುವುದು, ಹಿಂದಿನ ದಿನವೇ ಬ್ಯಾಗ್ ತುಂಬಿಡುವುದು ಮನಸ್ಸಿಗೆ ಸಮಾಧಾನ ಕೊಡುತ್ತಿತ್ತಂತೆ. ಅವರು ಕಾಯಿಲೆ ಅಂದಿಲ್ಲ, ನಾವೂ ದೂರದಿಂದ ಹಾಗೆ ಅನ್ನಬಾರದು. ನಮಗೆ ಬೇಕಾದ ಪಾಠ ಆ ಬ್ಯಾಗಿನಲ್ಲಿದೆ. ಒಬ್ಬ ಆಟಗಾರ ಬ್ಯಾಗ್ ತುಂಬಿಟ್ಟು ನಿರಾಳವಾಗಿ ಮಲಗಬಹುದು. ಇನ್ನೊಬ್ಬ ಅದೇ ಬ್ಯಾಗ್ ತುಂಬಿಟ್ಟು, ರಾತ್ರಿಯೆಲ್ಲ ಎದ್ದೆದ್ದು ಜಿಪ್ ತೆಗೆದು ನೋಡಿ, ಅದು ಸರಿ ಇಲ್ಲದಿದ್ದರೆ ನಾಳೆ ಆಡಲಿಕ್ಕೇ ಆಗಲ್ಲ ಅಂದುಕೊಳ್ಳಬಹುದು. ಹೊರಗಿನಿಂದ ಕೆಲಸ ಒಂದೇ. ಆ ಕೆಲಸ ಮಾಡಲು ಬಿಡದಿದ್ದರೆ ಏನಾಗುತ್ತದೆ ಅನ್ನುವುದರಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ.

ಹಾಗಾಗಿ ಸಹಾಯಕ್ಕೆ ಬಂದವರ ಇಂಟರ್‌ವ್ಯೂ ಮಾಡುವಾಗ "ಕೆಲಸ ಹೇಗೆ ನಡೀತಿದೆ?" ಅಂತ ಕೇಳಿ ಪ್ರಯೋಜನ ಇಲ್ಲ. "ಚೆನ್ನಾಗಿದೆ ಮೇಡಂ" ಅಂತಾರೆ, ಮುಗೀತು. "ರಿಸಲ್ಟ್ ಬಂದ ದಿನ ಏನನ್ನಿಸಿತು?" ಅಂತ ಕೇಳಿ. ಖುಷಿಯ ಜಾಗದಲ್ಲಿ "ಸದ್ಯ, ಬಚಾವಾದೆ" ಅನ್ನುವ ಉತ್ತರ ಬಂದು, ಮರುಕ್ಷಣವೇ ಮುಂದಿನ ಪರೀಕ್ಷೆಯ ಮಾತು ಶುರುವಾದರೆ ಅಲ್ಲಿ ನಿಲ್ಲಿ. ಭಾನುವಾರ ಏನೂ ಮಾಡದೆ ಕೂತರೆ ಹೇಗಿರುತ್ತದೆ, ಯಾರಾದರೂ ಏನಾದರೂ ಕೇಳಿದರೆ ಆಗಲ್ಲ ಅನ್ನಲು ಬರುತ್ತದಾ, ಇವನ್ನೂ ಕೇಳಬಹುದು. ಹೊಗಳಿದರೆ "ಅದೃಷ್ಟ ಅಷ್ಟೇ" ಅಂತ ತಳ್ಳಿಹಾಕಿ, ಒಂದು ದಿನ ತನ್ನ ಬಣ್ಣ ಬಯಲಾಗುತ್ತದೆ ಅಂತ ಹೆದರುವವರನ್ನು ಮನಶ್ಶಾಸ್ತ್ರಜ್ಞರಾದ ಕ್ಲಾನ್ಸ್ ಮತ್ತು ಐಮ್ಸ್ 1978ರಲ್ಲೇ ವಿವರಿಸಿದ್ದಾರೆ. ಅದೇ ಇಂಪೋಸ್ಟರ್ ಫಿನಾಮಿನನ್. ಇದೂ ಡಯಾಗ್ನೋಸಿಸ್ ಅಲ್ಲ.

ದೇಹದ ದೂರುಗಳನ್ನು ಹಗುರವಾಗಿ ತಗೊಳ್ಳಬೇಡಿ. ನಮ್ಮಲ್ಲಿ "ನಂಗೆ ಆತಂಕ" ಅಂತ ಬರುವವರು ಕಡಿಮೆ. ಗ್ಯಾಸ್ಟ್ರಿಕ್, ಕುತ್ತಿಗೆ ನೋವು, ತಲೆನೋವು, ಎದೆ ಡವಡವ ಅಂತ ಬರುವವರೇ ಜಾಸ್ತಿ.

ಯರ್ಕಿಸ್-ಡಾಡ್ಸನ್ ನಿಯಮ ಗೊತ್ತಲ್ವಾ? ಒತ್ತಡ ಒಂದು ಮಟ್ಟದವರೆಗೆ ಕೆಲಸವನ್ನು ಚುರುಕುಗೊಳಿಸುತ್ತದೆ, ಅದು ಮೀರಿದರೆ ಕೆಡಿಸುತ್ತದೆ ಅನ್ನುವುದು. ಸ್ವಲ್ಪ ಟೆನ್ಷನ್ ಇದ್ದರೇ ಒಳ್ಳೆಯದು ಅಂತ ಇದನ್ನು ಎಲ್ಲೆಲ್ಲೂ ಎಳೆದು ತರುತ್ತಾರೆ. 1908ರ ಆ ಪ್ರಯೋಗ ನಡೆದದ್ದು ಇಲಿಗಳ ಮೇಲೆ, ಕರೆಂಟ್ ಶಾಕ್ ಕೊಟ್ಟು. ಅದನ್ನು ಹಿಡಿದುಕೊಂಡು ಪಿಯುಸಿ ಹುಡುಗಿಯ ನಿದ್ದೆಗೇಡನ್ನು ಸಮರ್ಥಿಸುವುದು ನನಗಂತೂ ಸರಿ ಕಾಣುವುದಿಲ್ಲ.

ಆತಂಕ ಎಷ್ಟಿದೆ ಅಂತ ಅಳೆಯುವ ಜಿಎಡಿ-7 ಪ್ರಶ್ನಾವಳಿ ಬಂದದ್ದು 2006ರಲ್ಲಿ. 7 ಪ್ರಶ್ನೆ, ಪ್ರತಿಯೊಂದಕ್ಕೂ 0ಯಿಂದ 3, ಒಟ್ಟು 21, ಕೇಳುವುದು ಕಳೆದ 2 ವಾರದ ಬಗ್ಗೆ. 5ರಿಂದ ಸೌಮ್ಯ, 10ರಿಂದ ಮಧ್ಯಮ, 15ರಿಂದ ತೀವ್ರ. ಕೊನೆಯಲ್ಲಿ ಅಂಕಕ್ಕೆ ಸೇರದ ಇನ್ನೊಂದು ಪ್ರಶ್ನೆ ಇರುತ್ತದೆ, ಇದರಿಂದ ಕೆಲಸಕ್ಕೆ, ಮನೆಗೆ ಎಷ್ಟು ಕಷ್ಟವಾಗಿದೆ ಅಂತ. ನಮ್ಮ ಅಕೌಂಟ್ಸ್ ಹುಡುಗಿ ಮೇಲಿನ ಪ್ರಶ್ನೆಗಳಿಗೆಲ್ಲ 2, 3 ಹಾಕಿ, ಇಲ್ಲಿ ಮಾತ್ರ "ಏನೂ ಕಷ್ಟವಿಲ್ಲ" ಅಂತ ಟಿಕ್ ಮಾಡಬಹುದು. ಆ ಹೊಂದಾಣಿಕೆಯಿಲ್ಲದ ಉತ್ತರದ ಬಗ್ಗೆಯೇ ಮಾತು ಶುರು ಮಾಡಿ. ಅಂಕ ನೋಡಿ ತೀರ್ಪು ಕೊಡಬೇಡಿ, ಇದು ಸ್ಕ್ರೀನಿಂಗ್, ಅಂದರೆ ಮೊದಲ ಸುತ್ತಿನ ತಪಾಸಣೆ ಅಷ್ಟೇ. ಥೈರಾಯ್ಡ್ ಜಾಸ್ತಿಯಾದರೂ ಎದೆ ಹೊಡೆದುಕೊಳ್ಳುತ್ತದೆ, ದಿನಕ್ಕೆ ಆರು ಲೋಟ ಕಾಫಿ ಕುಡಿದರೂ ನಿದ್ದೆ ಹೋಗುತ್ತದೆ. ಕೇಸ್ ಬರೆಯುವಾಗ ಇವೆರಡನ್ನೂ ಕೇಳಿದ್ದೀರಿ ಅಂತ ಕಾಣಬೇಕು.