ಮೈದಾನದ ಮೈಕು ರೇಡಿಯೊಗೆ ಯಾಕೆ ಬರಲಿಲ್ಲ?

ದಾವಣಗೆರೆಯ ಹೈಸ್ಕೂಲ್ ಮೈದಾನದಲ್ಲಿ ಪಂದ್ಯವಿದ್ದರೆ ಸುತ್ತಲಿನ ಅಂಗಡಿಯವರಿಗೂ ಸ್ಕೋರ್ ಗೊತ್ತಿರುತ್ತದೆ. ಶಾಮಿಯಾನದ ಕೆಳಗೆ ಮೈಕ್ ಹಿಡಿದು ಕೂತವರು ಒಂದು ಬಾಲನ್ನೂ ಬಿಡುವುದಿಲ್ಲ. ಅಂತರ ಕಾಲೇಜು ಕಬಡ್ಡಿ, ಖೋ ಖೋ ಪಂದ್ಯಗಳಲ್ಲೂ ಇಂಥ ಕಾಮೆಂಟ್ರಿ ಕೇಳಿದ್ದೇನೆ. ಆದರೆ ಆ ದನಿ ಲೌಡ್‌ಸ್ಪೀಕರ್ ಮುಟ್ಟುವಷ್ಟು ದೂರ ಮಾತ್ರ. ಜಗಳೂರು ಕಡೆಯ ಹುಡುಗಿ ಫೈನಲ್ ಆಡುತ್ತಿದ್ದರೆ, ಗೆದ್ದಳೋ ಸೋತಳೋ ಅಂತ ಅಪ್ಪ ಅಮ್ಮನಿಗೆ ತಿಳಿಯುವುದು ಅವಳು ಸಂಜೆ ಫೋನ್ ಮಾಡಿದಾಗಲೇ.

ಅಮೆರಿಕದಲ್ಲಿ ರೇಡಿಯೊ ಮತ್ತು ಕಾಲೇಜು ಆಟ ಒಟ್ಟಿಗೇ ಬೆಳೆದವು. 1921ರ ಅಕ್ಟೋಬರ್ 8ರಂದು ಪಿಟ್ಸ್‌ಬರ್ಗ್‌ನ ಕೆಡಿಕೆಎ ಕೇಂದ್ರ ಒಂದು ಕಾಲೇಜು ಫುಟ್‌ಬಾಲ್ ಪಂದ್ಯವನ್ನು ನೇರವಾಗಿ ಬಿತ್ತರಿಸಿತು. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯ ವೆಸ್ಟ್ ವರ್ಜೀನಿಯಾವನ್ನು 21–13ರಿಂದ ಸೋಲಿಸಿತ್ತು. ಮೈಕ್ ಮುಂದೆ ಇದ್ದವರು ಹೆರಾಲ್ಡ್ ಆರ್ಲಿನ್. ಮರು ತಿಂಗಳೇ ಟೆಕ್ಸಸ್‌ನಲ್ಲಿ ಇನ್ನೊಂದು ಕಾಲೇಜಿನವರು ತಮ್ಮ ಪಂದ್ಯದ ವಿವರವನ್ನು ಮೋರ್ಸ್ ಸಂಕೇತದಲ್ಲಿ ಕಳಿಸಿದರು. ದನಿ ಇಲ್ಲ, ಬರೀ ಕಟ್ ಕಡ ಸದ್ದು! ಅದನ್ನು ಬಿಡಿಸಿಕೊಂಡು ಓದಲು ಜನ ಕಾದಿದ್ದರು. ಆಮೇಲೆ 1930ರ ದಶಕದಲ್ಲಿ ಕೆಲವು ಕಾಲೇಜುಗಳು ಪ್ರಸಾರವನ್ನೇ ನಿಲ್ಲಿಸಿದ್ದವು. ಮನೆಯಲ್ಲೇ ಕೂತು ಕೇಳುವಂತಾದರೆ ಟಿಕೆಟ್ ತಗೊಂಡು ಬರುವವರು ಯಾರು ಎಂಬ ಭಯ. ಆ ತಡೆ ಜಾಸ್ತಿ ದಿನ ಉಳಿಯಲಿಲ್ಲ.

ನಮ್ಮ ಕಥೆಯೂ ಶುರುವಾಗಿದ್ದು ಕಾಲೇಜಿನವರಿಂದಲೇ. 1935ರಲ್ಲಿ ಮೈಸೂರು ಮಹಾರಾಜ ಕಾಲೇಜಿನ ಮನಃಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದ ಬಾನುಲಿ ಆರಂಭಿಸಿದರು. 'ಆಕಾಶವಾಣಿ' ಎಂಬ ಹೆಸರು ಬಂದಿದ್ದೇ ಅಲ್ಲಿಂದ. ಆದರೆ ಸ್ವಾತಂತ್ರ್ಯ ಬಂದ ಮೇಲೂ 1885ರ ಟೆಲಿಗ್ರಾಫ್ ಕಾಯ್ದೆಯೇ ನಡೆಯಿತು. ಪ್ರಸಾರ ಸರ್ಕಾರದ ಕೈಯಲ್ಲೇ ಉಳಿಯಿತು. ದಾವಣಗೆರೆಯ ಮನೆಗಳಲ್ಲಿ ಭದ್ರಾವತಿ ಆಕಾಶವಾಣಿ ಹಾಡುತ್ತಿತ್ತು, ಆಮೇಲೆ ಚಿತ್ರದುರ್ಗದ ಎಫ್‌ಎಂ ಬಂತು. ಜಿಲ್ಲೆಯ ರೈತರು, ಜನಪದ ಹಾಡುಗಾರರು ಅದರಲ್ಲಿ ಮಾತಾಡಿದರು, ಹಾಡಿದರು. ಕಾಲೇಜು ಪಂದ್ಯದ ನೇರ ವಿವರಣೆಯನ್ನು ಮಾತ್ರ ನಾನು ಕೇಳಿದ ನೆನಪಿಲ್ಲ. ಕನ್ನಡಕ್ಕೆ ಈ ಕಲೆ ಬರುವುದಿಲ್ಲ ಅಂತಲ್ಲ. ಮೈಸೂರು ದಸರಾ ಮೆರವಣಿಗೆಯ ವೀಕ್ಷಕ ವಿವರಣೆ ಕೇಳಿದವರಿಗೆ ಗೊತ್ತು, ಆನೆ ಕಣ್ಣ ಮುಂದೆಯೇ ನಡೆದು ಹೋದಂತೆ ಇರುತ್ತದೆ.

ಬಾಗಿಲು ತೆರೆದದ್ದು ಒಂದು ಕ್ರಿಕೆಟ್ ಜಗಳದಿಂದ. 1993ರ ಹೀರೋ ಕಪ್ ಪಂದ್ಯಗಳನ್ನು ಯಾರು ತೋರಿಸಬೇಕು ಎಂದು ಬಂಗಾಳ ಕ್ರಿಕೆಟ್ ಸಂಸ್ಥೆಗೂ ಸರ್ಕಾರಕ್ಕೂ ವ್ಯಾಜ್ಯವಾಯಿತು. 1995ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು: ಗಾಳಿಯ ತರಂಗಗಳು ಸಾರ್ವಜನಿಕ ಆಸ್ತಿ. ಈ ತೀರ್ಪಿನ ಬಲದಲ್ಲೇ ಸಮುದಾಯ ರೇಡಿಯೊ, ಅಂದರೆ ಊರಿನ ಸಂಸ್ಥೆಗಳೇ ಸುತ್ತಲಿನ ಜನರಿಗಾಗಿ ನಡೆಸುವ ಸಣ್ಣ ಕೇಂದ್ರಗಳ ಬೇಡಿಕೆ ಗಟ್ಟಿಯಾಯಿತು. ಸರ್ಕಾರ 2002ರಲ್ಲಿ ಶಿಕ್ಷಣ ಸಂಸ್ಥೆಗಳಿಗೆ ರೇಡಿಯೊ ನಡೆಸಲು ಒಪ್ಪಿತು. 2004ರಲ್ಲಿ ಚೆನ್ನೈನ ಅಣ್ಣಾ ವಿಶ್ವವಿದ್ಯಾಲಯದ ಕೇಂದ್ರ ಶುರುವಾಯಿತು. 2006ರಲ್ಲಿ ಸ್ವಯಂಸೇವಾ ಸಂಸ್ಥೆಗಳಿಗೂ ಅವಕಾಶ ಸಿಕ್ಕಿತು.

ಇಲ್ಲಿ ಒಂದು ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ. ಇಂಥ ಕೇಂದ್ರಗಳು ಸ್ವಂತವಾಗಿ ಸುದ್ದಿ ಪ್ರಸಾರ ಮಾಡುವಂತಿಲ್ಲ. ಹಾಗಾಗಿ ಆಟವೂ ಬೇಡ ಅಂದುಕೊಂಡು ಸುಮ್ನೆ ಕೂರುವವರಿದ್ದಾರೆ. ಆದರೆ ನಂತರದ ನಿಯಮಗಳು ಆಟದ ಮಾಹಿತಿಯನ್ನು ಸುದ್ದಿಯ ಲೆಕ್ಕಕ್ಕೆ ಸೇರಿಸುವುದಿಲ್ಲ. ದೊಡ್ಡ ಪಂದ್ಯಗಳನ್ನು ನೇರ ಪ್ರಸಾರ ಮಾಡುವಂತಿಲ್ಲ. ಸ್ಥಳೀಯ ಪಂದ್ಯಗಳ ನೇರ ಕಾಮೆಂಟ್ರಿಗೆ ಅವಕಾಶ ಇದೆ. ಅಂತರ ಕಾಲೇಜು ಪಂದ್ಯಕ್ಕಿಂತ ಸ್ಥಳೀಯವಾದದ್ದು ಇನ್ನೇನಿದೆ, ಅಲ್ವಾ?

ಖೋ ಖೋ ಅಂತೂ ರೇಡಿಯೊಗೆ ಹೇಳಿ ಮಾಡಿಸಿದ ಆಟ. ಎಂಟು ಜನ ಸಾಲಾಗಿ ಕೂತಿರುತ್ತಾರೆ, ಒಬ್ಬರು ಅಟ್ಟಿಸಿಕೊಂಡು ಓಡುತ್ತಾರೆ. ಬೆನ್ನು ಮುಟ್ಟಿ 'ಖೋ' ಅಂದರೆ ಸಾಕು, ಓಟ ಕೈ ಬದಲಾಯಿತು ಅಂತ ಕಿವಿಗೇ ಗೊತ್ತಾಗುತ್ತದೆ. ಕಬಡ್ಡಿಯಲ್ಲೂ ಹಾಗೇ. ರೈಡರ್‌ನ ಉಸಿರು ಎಲ್ಲಿ ಕಟ್ಟಿತು ಎಂದು ಮೈಕ್ ಹೇಳುತ್ತದೆ. ಫೋನಿನಲ್ಲಿ ಯೂಟ್ಯೂಬ್ ಲೈವ್ ಇದೆಯಲ್ಲ ಅನ್ನಬಹುದು. ಇದೆ, ಅದೂ ಒಳ್ಳೆಯದೇ. ಆದರೆ ಮೆಕ್ಕೆಜೋಳ ಬಿಡಿಸುತ್ತಾ ಕೂತ ತಾಯಿ ಪರದೆ ನೋಡಲಾರಳು, ಕೇಳಬಲ್ಲಳು.

ಉಳಿದಿರುವ ತೊಡಕು ದೂರದ್ದು. ಸಮುದಾಯ ರೇಡಿಯೊಗೆ ಸಿಗುವ ಶಕ್ತಿ ಸುಮಾರು 100 ವ್ಯಾಟ್. ಅದು ಮುಟ್ಟುವುದು ಹತ್ತು ಹನ್ನೆರಡು ಕಿಲೋಮೀಟರ್. ಊರಾಚೆ ತೋಳಹುಣಸೆಯಲ್ಲಿರುವ ದಾವಣಗೆರೆ ವಿಶ್ವವಿದ್ಯಾಲಯದಲ್ಲಿ ಅಂಥ ಕೇಂದ್ರ ಇದ್ದರೂ ದಾವಣಗೆರೆ ಊರು, ಸುತ್ತಲ ಹಳ್ಳಿಗಳಿಗೆ ಕೇಳೀತು, ಜಗಳೂರಿಗೆ ಕೇಳದು. ಅಲ್ಲಿಗೆ ತಲುಪಬೇಕಾದರೆ ಚಿತ್ರದುರ್ಗ ಆಕಾಶವಾಣಿಯೇ ಮನಸ್ಸು ಮಾಡಬೇಕು. ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ಓದುವ ಮಕ್ಕಳಿದ್ದಾರೆ. ಮೈದಾನದಲ್ಲಿ ಮಾತು ಬಲ್ಲವರಿದ್ದಾರೆ. ಇಡೀ ಕೂಟವನ್ನು ಬಿತ್ತರಿಸಿ ಎಂದು ನಾನು ಕೇಳುತ್ತಿಲ್ಲ. ಖೋ ಖೋದಲ್ಲಿ ಅಟ್ಟಿಸುವುದಕ್ಕೆ ಒಂಬತ್ತು ನಿಮಿಷ, ತಪ್ಪಿಸಿಕೊಳ್ಳುವುದಕ್ಕೆ ಒಂಬತ್ತು. ಹೆಣ್ಣುಮಕ್ಕಳ ಫೈನಲ್‌ನ ಕೊನೆಯ ಇನಿಂಗ್ಸ್‌ಗೆ ಆ ಹದಿನೆಂಟು ನಿಮಿಷ ಕೊಟ್ಟರೆ, ಈ ವರ್ಷಕ್ಕೆ ಅಷ್ಟು ಸಾಕು.